ನೀಲಿ ದಾರದ ಹೊಲಿಗೆ

ಹಳೆಯ ಗೋರಿಗಳ ಅಗೆತದಲ್ಲಿ ಫಿಲೋಮೆನಾ ಕುಂಚದಿಂದ ಮರಳು ಸರಿಸುತ್ತಿದ್ದ ಗುಂಡಿಯಲ್ಲಿ ಟೈರು ಕೊಯ್ದು ಮಾಡಿದ ಚಪ್ಪಲಿಯೊಂದು ಕಂಡಿತು. ಅದರೊಳಗೆ ಪಾದದ ಮೂಳೆಗಳು ಇನ್ನೂ ಇದ್ದವು.

"ಥೂ, ಗೋರಿಗಳ್ಳ!" ಬುಟ್ಟಿ ಹಿಡಿದು ಪಕ್ಕದಲ್ಲಿ ಕೂತಿದ್ದ ನೆರೆಮನೆಯ ತೆಯೊಡೋರಾ ಅಂದಳು. "ಸಾವಿರ ವರ್ಷದ ರಾಣಿ ಸಿಗ್ತಾಳೆ ಅಂತ ಭಾನುವಾರ ಪುಕ್ಕಟೆ ದುಡಿಯೋಕೆ ಬಂದ್ರೆ, ಸುರಂಗ ಕುಸಿದು ಸತ್ತ ಕಳ್ಳ ಸಿಕ್ಕ ನೋಡೇ! ನಿನ್ನ ಹಣೇಬರಹವೇ ಇಷ್ಟು. ಕಟ್ಕೊಂಡವನೂ ಲಿಮಾ ಪಟ್ಟಣದವಳ ಹಿಂದೆ ಓಡಿಹೋದ."

ಫಿಲೋಮೆನಾ ಚಪ್ಪಲಿಯತ್ತ ಬಾಗಿದಳು. ಚಪ್ಪಲಿಯ ಪಟ್ಟಿ ಕಿತ್ತುಹೋದ ಕಡೆ ಮೀನುಬಲೆಯ ನೀಲಿ ದಾರದಲ್ಲಿ ಹಾಕಿದ ಹೊಲಿಗೆಯಿತ್ತು. ಹದಿನೇಳು ವರ್ಷಗಳ ಹಿಂದೆ ಗಂಡ ಅಲೆಹೊ ಬಾಗಿಲಲ್ಲಿ ಒಂಟಿಕಾಲಲ್ಲಿ ನಿಂತು, "ಬೇಗ ಹೊಲಿಯೇ, ದೋಣಿ ಹೊರಟುಬಿಡುತ್ತೆ" ಎಂದು ಅವಸರ ಮಾಡುತ್ತಿದ್ದಾಗ ಆ ಹೊಲಿಗೆ ಹಾಕಿಕೊಟ್ಟವಳು ಅವಳೇ. ದೋಣಿಗೆಂದು ಹೇಳಿ ಹೋದವನು ಮರಳಿ ಬರದಿದ್ದಾಗ ಊರವರ ಮಾತು ನಂಬಿ ಅವನ ಫೋಟೊಗಳನ್ನೆಲ್ಲ ಒಲೆಗೆ ಹಾಕಿದ್ದಳು. ಅಪ್ಪನ ಹೆಸರೆತ್ತಿದರೆ ಮಗಳ ಬಾಯಿಗೆ ಹೊಡೆಯುತ್ತಿದ್ದಳು. ಅವಳ ಮನೆಯಿಂದ ಈ ಗುಂಡಿಗೆ ಅರ್ಧ ಗಂಟೆಯ ದಾರಿ.

ಅಗೆತದ ಮುಖ್ಯಸ್ಥೆ ನಿಲ್ಡಾ ನೋಟ್‌ಬುಕ್ ಹಿಡಿದು ಬಂದಳು. "ಇದು ಹಳೇದಲ್ಲ, ಪೊಲೀಸರಿಗೆ ತಿಳಿಸ್ಬೇಕು. ಗುರುತು ಸಿಗದ ಕಳ್ಳ ಅಂತ ಬರ್ಕೊಳ್ಲಾ ಅಮ್ಮಾ?"

"ಹೂಂ ಅನ್ನು. ಇನ್ನೇನಿದೆ?" ತೆಯೊಡೋರಾ ನಕ್ಕಳು.

ಫಿಲೋಮೆನಾ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಆ ಪಾದಕ್ಕೆ ಹೊದಿಸಿದಳು.

"ಅಲೆಹೊ ಚುಂಗಾ," ಅಂದಳು. "ನನ್ನ ಗಂಡ ಅಂತ ಬರ್ಕೊಳ್ಳಿ."