ಎದೆಯ ಚಿಪ್ಪು

ದಿನ ತುಂಬದೆ ಹುಟ್ಟಿದ ಮಗಳ ಮೈ ಗಾಜಿನ ಪೆಟ್ಟಿಗೆಯ ಬಿಸಿಗೂ ಕಾವೇರಲಿಲ್ಲ. ಅವಳನ್ನು ಯಾರಾದರೂ ಬರಿ ಎದೆಗೆ ಅವುಚಿಕೊಳ್ಳಬೇಕಿತ್ತು. ಹೆತ್ತವಳಿಗೆ ಆಪರೇಷನ್ ಆಗಿ ಇನ್ನೂ ಎಚ್ಚರವಿರಲಿಲ್ಲ.

"ನನ್ನ ಎದಿಗಿ ಹಚ್ರಿ, ಸಿಸ್ಟರ್," ಎಂದ ಕೂಸಿನ ಅಪ್ಪ, ಕಲ್ಲುಗಣಿಯ ಹುಸೇನಪ್ಪ.

ನರ್ಸ್ ಅಂಬಮ್ಮ ಎದೆಯ ಚಿಪ್ಪು ಕರಗಿಸುವ ಲೇಪದ ಡಬ್ಬಿಯನ್ನು ಹಿಂದಕ್ಕೆ ಸರಿಸಿದಳು. ಅದರ ತುಂಬ ಏಡಿಚಿಪ್ಪು ಕರಗಿಸಿ ತಿನ್ನುವ ಬ್ಯಾಕ್ಟೀರಿಯಾ. ಮನುಷ್ಯರ ಚಿಪ್ಪೂ ಕರಗಲೆಂದು ಅದರ ಜೀನ್ ತಿದ್ದಿದ್ದರು. ಬಿಸಿಲು ಚರ್ಮ ಸುಡತೊಡಗಿದ ಮೇಲೆ ಹನ್ನೆರಡು ತುಂಬಿದವರಿಗೆಲ್ಲ ಮೈಮೇಲೆ ಚಿಪ್ಪು ಬೆಳೆಸುತ್ತಿದ್ದರು. ಮೊಲೆಯೂಡಿಸುವ ತಾಯಂದಿರಷ್ಟೇ ಅದನ್ನು ಎದೆಯಿಂದ ತೆಗೆಸಿಕೊಳ್ಳುತ್ತಿದ್ದರು.

"ಹರೇದಾಗಾದ್ರ ತಿರುಗಿ ಬೆಳೀತದ. ನಿನ್ನ ವಯಸ್ಸಿಗೆ ಹೋದದ್ದು ಹೋದಂಗೇ. ಬಿಸಿಲಾಗ ಕಲ್ಲು ಹೆಂಗ ಒಡೀತಿ?"

"ರಾತ್ರಿ ಒಡೀತೀನಿ."

ಅವನು ಬೆರಳು ಮಡಚಿ ಎದೆಗೆ ಬಡಿದುಕೊಂಡ. ಟಕ್ ಎಂದಿತು. ಆ ಸೀಮೆಯಲ್ಲಿ ಆಣೆ ಇಡುವುದೇ ಹಾಗೆ. ಅದಾದ ಮೇಲೆ ಯಾರೂ ಎದುರಾಡುವುದಿಲ್ಲ.

ಲೇಪ ಕೊಳೆತ ಸೀಗಡಿಯ ಹಾಗೆ ನಾರಿತು. ಉರಿ ತಾಳದೆ ಅವನು ಟವೆಲ್ ಕಚ್ಚಿ ಹಿಡಿದ, ಸಾಕು ಎನ್ನಲಿಲ್ಲ. ಇಪ್ಪತ್ತು ವರ್ಷ ಬಿಸಿಲು ತಡೆದ ಚಿಪ್ಪು ಗಂಜಿಯಾಗಿ ಇಳಿಯಿತು. ಅಂಬಮ್ಮ ಚೆನ್ನಾಗಿ ತೊಳೆದು, ಒರೆಸಿ, ಕೂಸನ್ನು ಆ ಎಳೆ ಚರ್ಮದ ಮೇಲೆ ಬೋರಲು ಮಲಗಿಸಿದಳು.

ಹುಸೇನಪ್ಪ ಉಸಿರು ಬಿಗಿಹಿಡಿದ.

"ಯಾಕಪ್ಪ, ಇನ್ನಾ ಉರೀಲಿಕತ್ತದೇನು?"

ಮಗಳ ಪುಟ್ಟ ಗುಂಡಿಗೆ ಅವನ ಎದೆಗೆ ಒಂದೇ ಸಮನೆ ಬಡಿಯುತ್ತಿತ್ತು.

"ಇಲ್ರೀ ಸಿಸ್ಟರ್," ಎಂದು ಅವನು ಪಿಸುಗುಟ್ಟಿದ. "ಈಕಿನೂ ಆಣಿ ಇಡ್ಲಿಕತ್ತಾಳ."