ಬಜಪೆಯ ಮೋಡದಲ್ಲಿ

ಚಕ್ರ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ವಿಮಾನ ಮತ್ತೆ ಮೇಲಕ್ಕೆ ಚಿಮ್ಮಿತು. ಹೇಮಚಂದ್ರರ ಜೀವ ಬಾಯಿಗೆ ಬಂತು. ಪಕ್ಕದ ಸೀಟಿನ ಹುಡುಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಗುರುತು ಪರಿಚಯವಿಲ್ಲದ ಹುಡುಗಿ. ಸಂಕೋಚಪಡುವ ಸ್ಥಿತಿಯಲ್ಲಿ ಅವರಿರಲಿಲ್ಲ.

“ಮಳೆಗೆ ರನ್‌ವೇ ಕಾಣಲಿಲ್ಲವಂತೆ ಅಂಕಲ್. ಇನ್ನೊಂದು ಸಲ ಇಳಿಸಿ ನೋಡ್ತಾರೆ. ಹೆದರಬೇಡಿ,” ಎಂದಳು ಅವಳು.

ಮಂಗಳೂರಿನ ಈ ಬಜಪೆಯ ರನ್‌ವೇ ಇರುವುದು ಗುಡ್ಡದ ನೆತ್ತಿಯ ಮೇಲೆ. ತಪ್ಪಿದರೆ ಕಣಿವೆ. ಕಿಟಕಿಯಾಚೆ ಕರಿಮೋಡ ಬಿಟ್ಟು ಬೇರೇನಿಲ್ಲ. ವಿಮಾನ ಧಸಕ್ಕನೆ ಕುಸಿಯಿತು. ಹಿಂದೆ ಯಾರೋ ಚೀರಿದರು. ಹೇಮಚಂದ್ರರಿಗೆ ದಿನವೂ ಜಪಿಸುವ ಣಮೋಕಾರ ಮಂತ್ರದ ಮೊದಲ ಸಾಲೇ ನೆನಪಾಗಲಿಲ್ಲ.

“ನಾನೀಗ ಸಾಯುವ ಹಾಗಿಲ್ಲ ಮಗಾ,” ಎಂದರು. “ನಾಳೆ ಮೂಡುಬಿದಿರೆಯಲ್ಲಿ ನನ್ನ ಮಗನ ರಿಜಿಸ್ಟರ್ ಮದುವೆ. ಅದನ್ನು ನಿಲ್ಲಿಸಬೇಕು. ಬೆಳಿಗ್ಗೆ ಹೆಂಡತಿ ಫೋನಿನಲ್ಲಿ ಬಾಯಿಬಿಟ್ಟಳು. ಮುಂಬಯಿಯ ಕೆಲಸ ಅರ್ಧಕ್ಕೆ ಬಿಟ್ಟು ಬಂದೆ.”

“ಹುಡುಗಿ ಒಳ್ಳೆಯವಳಲ್ಲವಾ?”

“ಯಾರಿಗೆ ಗೊತ್ತು? ನಾವು ಜೈನರು, ಅವಳು ಬೇರೆ ಜಾತಿ. ಮಗ ಅರಿಹಂತ್ ಹಿಂದೊಮ್ಮೆ ಅವಳ ಫೋಟೋ ತೋರಿಸಲಿಕ್ಕೆ ಬಂದ, ನಾನು ನೋಡಲಿಲ್ಲ.”

ಅಷ್ಟು ಹೊತ್ತು ಬೆಚ್ಚಗಿದ್ದ ಹುಡುಗಿಯ ಕೈ ತಣ್ಣಗಾಯಿತು. ಪಾಪ, ಇವಳಿಗೂ ಹೆದರಿಕೆಯೇ ಎಂದುಕೊಂಡರು.

ವಿಮಾನ ಮತ್ತೆ ಇಳಿಯತೊಡಗಿತು. ದೀಪಗಳು ಆರಿದವು. ಒಂದು ಬದಿಯ ರೆಕ್ಕೆ ಕೆಳಕ್ಕೆ ವಾಲಿತು.

“ಚಂದ್ರನಾಥ ಸ್ವಾಮೀ!” ಹೇಮಚಂದ್ರರು ಕೂಗಿಯೇಬಿಟ್ಟರು. “ಜೀವ ಒಂದು ಉಳಿಸು. ಮಗ ಯಾರನ್ನು ಬೇಕಾದರೂ ಮದುವೆಯಾಗಲಿ, ನಾನು ಚಕಾರ ಎತ್ತುವುದಿಲ್ಲ!”

“ಖಂಡಿತವಾ ಅಂಕಲ್?”

“ಖಂಡಿತ ಮಾರಾಯ್ತಿ! ಒಮ್ಮೆ ಇಳಿಯಲಿ!”

ಧಡ್ಡನೆ ಚಕ್ರಗಳು ನೆಲಕ್ಕೆ ಅಪ್ಪಳಿಸಿದವು. ವಿಮಾನ ಓಲಾಡುತ್ತ ಓಡಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಹೇಮಚಂದ್ರರು ಕೈ ಬಿಟ್ಟು ಬೆವರು ಒರೆಸಿಕೊಂಡರು. ಈಗ ನಾಚಿಕೆಯಾಯಿತು.

“ಹೆದರಿಕೆಗೆ ಏನೇನೋ ಹೇಳಿದೆ.”

“ನಾನು ಕೇಳಿಸಿಕೊಂಡೆ ಅಂಕಲ್,” ಎಂದಳು ಹುಡುಗಿ. ಅವಳ ಕಣ್ಣು ತುಂಬಿತ್ತು.

ನಿಲ್ದಾಣದ ಹೊರಗೆ ಮಳೆ ಇನ್ನೂ ಸುರಿಯುತ್ತಿತ್ತು. ಅಲ್ಲಿ ಕೊಡೆ ಹಿಡಿದು ಅರಿಹಂತ್ ನಿಂತಿದ್ದ. ಹೇಮಚಂದ್ರರು ಗಕ್ಕನೆ ನಿಂತರು. ತಾವು ಬರುವ ಸಂಗತಿಯನ್ನು ಅವರು ಯಾರಿಗೂ ತಿಳಿಸಿರಲಿಲ್ಲ. ಅಪ್ಪನನ್ನು ಕಂಡದ್ದೇ ಮಗನ ಮುಖ ಬಿಳಿಚಿಕೊಂಡಿತು.

ಹಿಂದಿನಿಂದ ಬಂದ ಹುಡುಗಿ ನೇರ ಹೋಗಿ ಅವನ ಕೊಡೆಯ ಕೆಳಗೆ ನಿಂತಳು. ನಿಂತು, ಇವರತ್ತ ತಿರುಗಿದಳು.

“ಬನ್ನಿ ಮಾವ, ಒಟ್ಟಿಗೇ ಹೋಗುವ.”