ಒಂದು ತಲೆ ಜಾಸ್ತಿ

“ಒಂದು ತಲೆ ಜಾಸ್ತಿ ಬರ್ತಿದೆಯಲ್ರೀ!” ಬಿಳಿ ಟೀ ಶರ್ಟಿನವರಿಗೆ ಪಲಾವ್ ಪೊಟ್ಟಣ ಹಂಚುತ್ತಿದ್ದ ಗೋಪಾಲಪ್ಪ ಮೊದಲ ಸಾಲನ್ನು ಮತ್ತೆ ಎಣಿಸತೊಡಗಿದ. ಹೆಸರು ಅವನ ಕೊರಳಿನ ಬ್ಯಾಡ್ಜಿನಲ್ಲಿತ್ತು.

ಜಾಸ್ತಿಯಾದ ತಲೆ ತನ್ನದೇ ಎಂದು ದಾನೇಶ್ವರಿಗೆ ಖಾತ್ರಿಯಾಯಿತು. ಸೆರಗು ಹೊದ್ದು ಕುಗ್ಗಿ ಕೂತಳು.

ಅವಳಿಗೆ ಮೊದಲೇ ಅನುಮಾನವಿತ್ತು. ಜಿಗಣಿಯ ಮಾತ್ರೆ ಕಾರ್ಖಾನೆಯಲ್ಲಿ ಡಬ್ಬಿ ತುಂಬುವವಳಿಗೆ ಗಾಯಕಿ ಭುವನೇಶ್ವರಿಯ ಕಾರ್ಯಕ್ರಮದಲ್ಲಿ ಮೊದಲ ಸಾಲಿನ ನಟ್ಟನಡುವಿನ ಕುರ್ಚಿ! ಒಂದೇ ಕೋಣೆಯಲ್ಲಿರುವ ಸವಿತಾ ದುಡ್ಡು ಕಟ್ಟಲು ಇವಳ ಮೊಬೈಲಿನಲ್ಲಿ ಎರಡು ಸಲ ಒತ್ತಿದಳು, ಟಿಕೆಟ್ ಬಂತು. ಊರಿನ ಬಸ್ಸಿನಲ್ಲೂ ಇಷ್ಟು ಸಲೀಸಾಗಿ ಸೀಟು ಸಿಕ್ಕಿದ್ದಿಲ್ಲ.

“ಖೋಟಾ ಇರಬೇಕು ನೋಡವಾ,” ಎಂದಿದ್ದಳು ದಾನೇಶ್ವರಿ.

ಆದರೂ ಬಂದಳು. ಎಂಟು ವರ್ಷ ಪ್ಯಾಕಿಂಗ್ ಮೇಜಿನ ರೇಡಿಯೋದಲ್ಲಿ ಕೇಳಿದ ದನಿ. ಒಂದೇ ಒಂದು ಹಾಡು ಎದುರಿಗೆ ಕೂತು ಕೇಳಿದರೆ ಸಾಕು. ಆಮೇಲೆ ಕತ್ತು ಹಿಡಿದು ದಬ್ಬಲಿ. ಗೇಟಿನಲ್ಲಂತೂ ಉಳಿದವರನ್ನೆಲ್ಲ ಸಾಲಾಗಿ ಬಿಟ್ಟ ಕಾವಲಿನವನು ಇವಳ ಮೊಬೈಲನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿದ್ದ.

ವೈಟ್‌ಫೀಲ್ಡಿನ ಆ ಮಾಲ್ ಅಂಗಳದಲ್ಲಿ ಸಂಗೀತ ಬಿಟ್ಟು ಮಿಕ್ಕೆಲ್ಲಕ್ಕೂ ಜಾಗವಿತ್ತು. ಆಲಾಪಕ್ಕೆ ಮೊದಲು ಆಲೂ ಚಿಪ್ಸು. ಕಂಬಕ್ಕೊಂದು ಕುಕ್ಕರ್ ಜಾಹೀರಾತು. ವೇದಿಕೆಯ ಮೇಲೆ ನಿರೂಪಕ ವಿಷ್ಣು ಗಂಟಲಿಗೆ ಗಿರಣಿ ಕಟ್ಟಿಕೊಂಡಂತೆ ಒದರುತ್ತಿದ್ದ: “ಹಲೋಓಓ ವೈಟ್‌ಫೀಲ್ಡ್! ಸೌಂಡೇ ಬರ್ತಿಲ್ಲಾಆಆ! ಈ ಚಪ್ಪಾಳೆಯ ಪ್ರಾಯೋಜಕರು...” ಚಪ್ಪಾಳೆಗೂ ಒಬ್ಬ ಯಜಮಾನ!

ಪಕ್ಕದ ಹುಡುಗಿ ಪಲಾವ್ ಬಿಚ್ಚುತ್ತ ಕೇಳಿದಳು: “ಅಕ್ಕಾ, ನೀವು ಯಾವ ಬಸ್ಸಲ್ಲಿ ಬಂದ್ರಿ?”

“ಎರಡು ಬಸ್ ಬದಲಿ ಮಾಡಿ ಬಂದೇನ್ರಿ.”

“ಅಯ್ಯೋ ಪಾಪ. ನಮ್ಮನ್ನ ಬಾಗಿಲಿಗೇ ತಂದು ಬಿಟ್ರು.”

ಭುವನೇಶ್ವರಿ ವೇದಿಕೆಗೆ ಬಂದಳು. ಬಿಳಿ ಟೀ ಶರ್ಟುಗಳು ಒಟ್ಟಿಗೇ ಎದ್ದವು, ಒಟ್ಟಿಗೇ ಕೂಗಿದವು, ಒಟ್ಟಿಗೇ ಕೂತವು. ಅಭಿಮಾನವೆಂದರೆ ಇದು ಎಂದು ದಾನೇಶ್ವರಿ ನಾಚಿದಳು. ಹಾಡು ಮುಗಿಯುವ ಮೊದಲೇ ‘ಒನ್ಸ್ ಮೋರ್’ ಕೇಳುವಷ್ಟು ಅವಸರದ ಅಭಿಮಾನ! ಅವಳ ಕೈ ಮಾತ್ರ ಏಳಲಿಲ್ಲ. ಕಣ್ಣು ತುಂಬಿ, ತುಟಿ ತಾನಾಗಿಯೇ ಹಾಡಿನ ಹಿಂದೆ ಹೋಗುತ್ತಿತ್ತು.

“ಏನ್ ಮೇಡಂ, ಎಲ್ರೂ ಚಪ್ಪಾಳೆ ಹೊಡೀತಿದ್ರೆ ನೀವೊಬ್ರು ಅಳ್ತಿದ್ದೀರ?” ಗೋಪಾಲಪ್ಪ ಎದುರಿಗೇ ಬಗ್ಗಿದ್ದ. “ನೀವು ನಮ್ಮ ಪಟ್ಟೀಲಿಲ್ಲ. ಯಾರ್ ಕರ್ಕೊಂಡ್ ಬಂದಿದ್ದು?”

“ಯಾರೂ ಇಲ್ರಿ ಅಣ್ಣಾರ, ನಾನೇ ಬಂದೇನಿ.” ಅವಳು ಮೊಬೈಲ್ ಚಾಚಿದಳು. “ಖೋಟಾ ಇದ್ರ ಎದ್ದು ಹೊಕ್ಕೀನ್ರಿ. ಈ ಹಾಡೊಂದು ಮುಗೀಲಿ, ಕೈ ಮುಗೀತೀನಿ.”

ಗೋಪಾಲಪ್ಪ ಟಿಕೆಟ್ ನೋಡಿದ. ಅವಳನ್ನು ನೋಡಿದ. ಮತ್ತೆ ಟಿಕೆಟ್ ನೋಡಿದ. ಏಳಹೊರಟವಳನ್ನು ಕೈಸನ್ನೆಯಿಂದಲೇ ಕೂರಿಸಿ, ವಾಕಿಟಾಕಿಯನ್ನು ಬಾಯಿಗಿಟ್ಟುಕೊಂಡ.

“ಸಾರ್, ಇಡೀ ಅಂಗಳಕ್ಕೆ ಒಂದೇ ಒಂದು ಟಿಕೆಟ್ ಮಾರಾಟ ಆಗಿದೆ ಅಂದಿದ್ರಲ್ಲ, ಅವ್ರು ಸಿಕ್ರು, ಮಿಕ್ಕೋರೆಲ್ಲ ನಾವು ಕೂಲಿ ಕೊಟ್ಟು ಕರ್ಕೊಂಡ್ ಬಂದಿರೋ ಜನಾನೇ!”